ಒಳಗೆ ಹೋಗದ ಸುದ್ದಿ

ಪ್ರಮೀಳಾ ಏಳು ವರ್ಷದ ಮಗ ಚೈತನ್ಯನನ್ನು ಕರೆದುಕೊಂಡು ಕೆ.ಆರ್. ಪೇಟೆಯಿಂದ ಮೈಸೂರಿನ ಆಸ್ಪತ್ರೆಗೆ ಓಡಾಡಲು ಶುರುಮಾಡಿ ಮೂರು ವರ್ಷವಾಗಿತ್ತು. ನಾಲ್ಕು ವಾರಕ್ಕೊಮ್ಮೆ ಡ್ರಿಪ್ಪು. ಬೇರೆಯವರ ರಕ್ತದಿಂದ ತೆಗೆದ, ರೋಗ ತಡೆಯುವ ಪ್ರತಿಕಾಯಗಳು ಹನಿಹನಿಯಾಗಿ ಅವನ ಮೈಗೆ ಇಳಿಯಲು ಐದು ಗಂಟೆ ಬೇಕು. ಬದುಕಿರುವಷ್ಟು ದಿನವೂ ಇದು ನಡೆಯಬೇಕು. ಈ ಸಲ ಪ್ರಮೀಳಾಗೆ ಸೊಂಟ ಹಿಡಿದುಕೊಂಡಿತ್ತು. ಜೊತೆಗಿರಲೆಂದು ತಾಯಿ ಅಣ್ಣಮ್ಮ ಬೆಳಗೊಳದಿಂದ ಬಂದಿದ್ದಳು.

"ಇವ್ನ ಕಾಯ್ಲೆ ಏನು ಅಂತ ನನ್ಗೂ ತಿಳಿಯಂಗೆ ಯೋಳಿ ಡಾಕ್ಟ್ರಮ್ಮ," ಎಂದಳು ಅಣ್ಣಮ್ಮ.

ಡಾಕ್ಟರ್ ಸ್ನೇಹ ಚೀಟಿಯ ಹಿಂದೆ ಒಂದು ಸೊನ್ನೆ ಬರೆದರು.

"ರಕ್ತದಲ್ಲಿ ಪ್ರತಿಕಾಯ ತಯಾರಿಸೋ ಬಿ ಕಣ ಅಂತ ಇರುತ್ತೆ. ಅದರ ಮೈಮೇಲೆ ರೋಗಾಣು ಹಿಡಿಯೋ ಕೊಂಡಿ ಥರದ್ದು ಇರುತ್ತೆ. ರೋಗಾಣು ಅಲ್ಲಿ ಸಿಕ್ಕಿಕೊಂಡರೆ ಸುದ್ದಿ ಒಳಗೆ ಹೋಗಬೇಕು. ಒಂದು ಪ್ರೋಟೀನು ಇನ್ನೊಂದನ್ನ ಎಬ್ಬಿಸುತ್ತೆ, ಅದು ಮತ್ತೊಂದನ್ನ. ಇವನಲ್ಲಿ ನಡುವಿನದೊಂದು ಕೆಲಸ ಮಾಡಲ್ಲ. ಮೂಳೆಯೊಳಗೆ ಆ ಕಣ ಬೆಳೆಯೋಕೂ ಅಂಥದೇ ಸುದ್ದಿ ಬೇಕು. ಸಿಗದೆ ಅಲ್ಲೇ ಸಾಯುತ್ತೆ. ಅದಕ್ಕೇ ಪ್ರತಿಕಾಯ ಇಲ್ಲ, ಪದೇ ಪದೇ ನ್ಯುಮೋನಿಯಾ. ತಾಯಿಂದ ಗಂಡುಮಕ್ಕಳಿಗೆ ಬರೋದು."

ಅಣ್ಣಮ್ಮನ ಹಿರಿಮಗ ದೇವರಾಜು ಆರನೇ ವಯಸ್ಸಿನಲ್ಲಿ ಎದೆಯಲ್ಲಿ ಕಫ ಕಟ್ಟಿ ಸತ್ತಿದ್ದ. ಆ ವಾರ ಅವಳು ಅವನನ್ನು ಸೋನೆಮಳೆಯಲ್ಲೇ ನಾಟಿಗೆ ಕರೆದೊಯ್ದಿದ್ದಳು. "ಮಗೀನ ನೆನೆಸಿ ಕೊಂದ್ಲು," ಎಂದಿದ್ದರು ಅತ್ತೆ. ಮೂವತ್ತೆರಡು ವರ್ಷ ಅವಳೂ ಅದನ್ನೇ ನಂಬಿದ್ದಳು. ಈಗ ಅದನ್ನೆಲ್ಲ ಡಾಕ್ಟರಿಗೆ ಹೇಳಿದಳು.

"ನಮ್ ದೇವರಾಜಂಗೂ ಇದೇ ಇತ್ತಾ?"

"ಈಗ ಪರೀಕ್ಷೆ ಮಾಡೋಕಾಗಲ್ಲ ಅಮ್ಮ. ನೀವು ಹೇಳೋದು ನೋಡಿದ್ರೆ ಇದೇ ಇದ್ದಿರಬೇಕು. ಮಳೆಯಿಂದ ಹಾಗಾಗಲ್ಲ."

ಸಂಜೆ ಬೆಳಗೊಳದ ಬಸ್ಸು ಹತ್ತಬೇಕಿದ್ದ ಅಣ್ಣಮ್ಮ, ಮಗಳ ಹಿಂದೆ ಕೆ.ಆರ್. ಪೇಟೆಯ ಬಸ್ಸನ್ನೇ ಹತ್ತಿದಳು. ಚೈತನ್ಯ ಅವಳ ತೊಡೆಯ ಮೇಲೆ ನಿದ್ದೆಹೋದ.

"ಸಮಾಧಾನ ಆಯ್ತಾ ಅವ್ವ?" ಪ್ರಮೀಳಾ ಕಣ್ಣು ಮುಚ್ಚಿಯೇ ಕೇಳಿದಳು.

"ಗೊತ್ತಿಲ್ಲ ಕಣೆ. ಮಳೆ ಅಲ್ಲ ಅಂದ್ರು. ಆದ್ರೆ ನನ್ ಮೈಯಿಂದ್ಲೇ ಬಂತಲ್ಲ."

"ಇವ್ನಿಗೆ ನನ್ ಮೈಯಿಂದ ಬಂದದೆ. ನಾನೇನ್ ಬೇಕು ಅಂತ ಕೊಟ್ನಾ?"

ಅಣ್ಣಮ್ಮ ಮಗಳ ಕೈ ಹಿಡಿದುಕೊಂಡಳು. ಬಸ್ಸು ಪಾಂಡವಪುರ ದಾಟಿತು.

"ಅಳಕ್ಕೂ ಸುಸ್ತು ಕಣವ್ವ," ಎಂದಳು ಅಣ್ಣಮ್ಮ ಕೊನೆಗೆ. "ಮುಂದಿನ್ ಸಲ ನಾನೇ ಕರ್ಕಂಡೋಯ್ತೀನಿ. ಏನೇನ್ ನೋಡ್ಕಬೇಕು ಯೋಳ್ಕೊಡು."

ಮೂರು ವರ್ಷ ಯಾರೂ ಆ ಮಾತು ಆಡಿರಲಿಲ್ಲ. ಪ್ರಮೀಳಾ ಬೇಡ ಎನ್ನಲಿಲ್ಲ.

"ಡ್ರಿಪ್ಪು ಇಳಿವಾಗ ಇವ್ನು ಚಳಿ ಅಂದ್ರೆ ತಕ್ಷಣ ನರ್ಸನ್ನ ಕರಿ," ಎಂದು ಶುರುಮಾಡಿದಳು.