ಆಚೆ ಬಂಡೆಯ ಕೆಂಪು ಮೀನು

ಕೊಡದ ನೀರಿಗೆ ಕೈ ಹಾಕಿದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ತಣ್ಣೀರು ಕೆಂಡದಂತೆ ಸುಟ್ಟಿತ್ತು. ಇನ್ನೊಮ್ಮೆ ಬೆರಳದ್ದಿದಳು. ಅದೇ ಉರಿ. ತುಟಿಯ ಸುತ್ತ ಆಗಲೇ ಇರುವೆ ಹರಿದಂತೆ ಜುಮುಗುಡುತ್ತಿತ್ತು.

"ಅತ್ತೆ, ಈ ನೀರು ಮುಟ್ಟಿ ನೋಡಿ."

ಮುದುಕಿ ಮುಟ್ಟಿದಳು. "ತಣ್ಣಗಿದೆಯಲ್ಲೇ." ಸೊಸೆಯ ಮುಖ ನೋಡಿ, "ಬೆಳಿಗ್ಗೆ ಏನು ತಿಂದೆ?" ಎಂದಳು.

ತಿಂದದ್ದು ಕೆಂಪು ಮೀನಿನ ತಲೆ, ಅದೂ ಅವಳೊಬ್ಬಳೇ. ಗಂಡ ಬೆಳಗಿನ ಜಾವ ತಂದ ಆ ಮೀನು ಅವಳ ತೋಳಿಗಿಂತ ಉದ್ದವಿತ್ತು. ದಡದ ಹತ್ತಿರದ ಬಂಡೆಗಳಲ್ಲಿ ಈಗ ಅಂಗೈಯಗಲದ ಮರಿಗಳೂ ಗಾಳಕ್ಕೆ ಬೀಳುತ್ತಿರಲಿಲ್ಲ. ಹಾಗಾಗಿ ಅವನು ಯಾರೂ ಹೋಗದ ಆಚೆ ಬಂಡೆಯವರೆಗೆ ದೋಣಿ ಬಿಟ್ಟಿದ್ದ. ತಲೆಯನ್ನು ಮನೆಗೆ ಉಳಿಸಿಕೊಂಡು, ಮಿಕ್ಕದ್ದನ್ನು ಅವಳು ಏಳು ಮನೆಗಳಿಗೆ ಮಾರಿ ಬಂದಿದ್ದಳು.

"ನಮ್ಮ ಮಾವನವರು ಆ ಬಂಡೆ ಮೀನನ್ನ ಹೊಸಿಲು ದಾಟಿಸ್ತಿರಲಿಲ್ಲ. ತಿಂದವರಿಗೆ ನೀರು ಸುಡುತ್ತೆ ಅಂತಿದ್ರು. ನಾನು ನಕ್ಕಿದ್ದೆ," ಎಂದಳು ಅತ್ತೆ.

ಮಲಗಿದ್ದ ಗಂಡ ಎದ್ದು ಬಂದ. "ವಾಸನೆ ಬರ್ತಿತ್ತಾ? ರುಚಿ ಕೆಟ್ಟಿತ್ತಾ?"

"ಚೆನ್ನಾಗೇ ಇತ್ತು."

"ಮತ್ತೆ? ವಿಷ ಮಾರಿದೆ ಅಂತ ನೀನೇ ಡಂಗುರ ಹೊಡ್ಕೊಂಡು ಬಂದ್ರೆ, ನಾಳೆ ನಮ್ಮ ಬುಟ್ಟಿನ ನಾಯಿನೂ ಮೂಸಲ್ಲ."

"ಮೂಸದೇ ಇರಲಿ. ಏಳು ಮನೆ ರೀ," ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಹೊರಟಳು.

ಮೊದಲ ಮನೆಯ ಬಸುರಿ ಹೆಂಗಸು ವಿಷಯ ಕೇಳಿದ್ದೇ ಹೋಳುಗಳನ್ನು ಮಣ್ಣಲ್ಲಿ ಹೂತಳು. ಮುಂದಿನ ಮನೆಯವಳು ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಮೂರನೆಯ ಮನೆಯ ಅಂಚೆಯವನಂತೂ, ತಿನ್ನಬೇಡಿ ಎಂದದ್ದಕ್ಕೆ, "ಏನಕ್ಕ, ಹೆಚ್ಚು ಕೊಡೋ ಗಿರಾಕಿ ಸಿಕ್ಕಿದ್ರಾ?" ಎಂದು ನಕ್ಕ. ಅವನ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನು ಅವಳೇ ಎತ್ತಿ ಮೋರಿಗೆ ಸುರಿದಳು. ಮುಂದಿನ ಮನೆಗಳಲ್ಲೂ ಯಾರೂ ಇನ್ನೂ ತಿಂದಿರಲಿಲ್ಲ. ಆರನೆಯ ಮನೆ ದಾಟುವಷ್ಟರಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು.

ಕೊನೆಯದು ಒಂಟಿಯಾಗಿದ್ದ ಮುದಿ ದರ್ಜಿಯ ಮನೆ. ಅವನು ಆಗತಾನೆ ಊಟ ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದ.

"ಇಂಥ ಮೀನು ತಿಂದು ವರ್ಷವಾಗಿತ್ತು ಕಣಮ್ಮ."

ಅವಳು ವಿಷಯ ಹೇಳಿದಳು. ದರ್ಜಿ ಅರ್ಧ ಹೊಲಿದ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟ.

"ಸಾಯ್ತೀನಾ?"

"ಗೊತ್ತಿಲ್ಲ ತಾತ. ನಾನೂ ತಿಂದಿದ್ದೀನಿ."

"ಸರಿ ಬಿಡು, ಜೊತೆಗೆ ಒಬ್ಬರಾದ್ರೂ ಆಯ್ತು."

ಅವಳೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಇಬ್ಬರೂ ಎರಡು ದಿನ ವಾಂತಿ ಮಾಡಿಕೊಂಡರು. ಈ ವಿಷಕ್ಕೆ ಮದ್ದಿಲ್ಲ, ತಾನಾಗಿಯೇ ಇಳಿಯಬೇಕು ಎಂದರು ಡಾಕ್ಟರು. ಮೂರನೆಯ ದಿನ ಬಂದ ಗಂಡ ಮಂಚದ ಅಂಚಿನಲ್ಲಿ ಕುಳಿತ. "ಆ ಬಂಡೆ ಕಡೆ ಹೋಗಬೇಡಿ ಅಂತ ದೋಣಿಯವರಿಗೆಲ್ಲ ಹೇಳಿದೀನಿ," ಎಂದ.

ಹತ್ತು ದಿನದ ಮೇಲೆ ಅವಳು ಮತ್ತೆ ಮಾರುಕಟ್ಟೆಯಲ್ಲಿ ಕುಳಿತಳು. ಬುಟ್ಟಿಯಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳಿದ್ದವು. ಹಳೆಯ ಗಿರಾಕಿಗಳು ತಲೆ ತಗ್ಗಿಸಿ ಮುಂದೆ ಹೋದರು. ಬಿಸಿಲೇರಿತು. ನೊಣ ಕವಿಯಿತು.

ದರ್ಜಿ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದ. ಮೀನು ಕೇಳಲಿಲ್ಲ. ಅವಳ ಪಕ್ಕ ಗೋಣಿಚೀಲದ ಮೇಲೆ ಕುಳಿತು, ಅವಳ ಕೈಯಲ್ಲಿದ್ದ ಬಟ್ಟೆ ತುಂಡನ್ನು ತೆಗೆದುಕೊಂಡು, ನೊಣ ಓಡಿಸತೊಡಗಿದ.