ಇಮಾಂಬಿಯ ನಾಲಿಗೆ

ಲೋವರ್ ಹಟ್ ಎಂಬ ಪರದೇಶದ ಊರಿನ ಆ ಚೀನೀ ಬೇಕರಿಗೆ ಯಾರನ್ನೂ ಮೆಚ್ಚಿಸುವ ಉಮೇದೇ ಇರಲಿಲ್ಲ. ಬೋರ್ಡಿನ ಕೆಂಪು ಬಣ್ಣ ಬಿಸಿಲಿಗೆ ಮಾಸಿ, ಅಕ್ಷರಗಳಲ್ಲಿ ಅರ್ಧ ಉದುರಿಹೋಗಿದ್ದವು. ಒಳಗೆ ಒಂದು ಟ್ಯೂಬ್‌ಲೈಟು, ಗಾಜಿನ ಕಪಾಟು, ಪ್ಲಾಸ್ಟಿಕ್ ತಟ್ಟೆಗಳು, ದಾರದಲ್ಲಿ ಕಟ್ಟಿದ ಇಕ್ಕಳ. ಕೂರಲು ಕುರ್ಚಿಯಿಲ್ಲ, ಕುಡಿಯಲು ಕಾಫಿಯಿಲ್ಲ. ಯಾವ ತಿಂಡಿಯ ಮುಂದೂ ಹೆಸರಿನ ಚೀಟಿಯಿಲ್ಲ. ಗೊತ್ತಿದ್ದವರು ಕೊಳ್ಳಲಿ, ಗೊತ್ತಿಲ್ಲದವರು ಕೇಳಲಿ ಎಂಬ ಗತ್ತು ಅದರದು.

ಫಹಮಿದಾ ಕೇಳಿದ್ದಳು. ಕೇಳಿಯೂ ಹೀಗಾಯಿತಲ್ಲ ಎಂಬುದೇ ಆಮೇಲೆ ಅವಳ ಹೊಟ್ಟೆ ಉರಿಸಿದ್ದು.

ಅವಳೇನು ಕಣ್ಣು ಮುಚ್ಚಿಕೊಂಡು ಸಾಮಾನು ತರುವ ಹೆಂಗಸಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದುಮುಂದು ತಿರುವಿ, ಕನ್ನಡಕ ಏರಿಸಿ, ಸಣ್ಣಕ್ಷರವನ್ನೆಲ್ಲ ಓದಿಯೇ ಬುಟ್ಟಿಗೆ ಹಾಕುವವಳು. “ಪರೀಕ್ಷಾಕ್ಕ ಓದಾಕತ್ತೀಯೇನ?” ಎಂದು ಗಂಡ ಹಾರೂನ್ ಕಾಡಿಸುತ್ತಿದ್ದ. ಆದರೆ ಈ ಬೇಕರಿಯಲ್ಲಿ ಓದುವುದಕ್ಕೆ ಪೊಟ್ಟಣವೇ ಇರಲಿಲ್ಲ. ಮೂರು ತಿಂಗಳ ಹಿಂದೆ, ಮೊದಲ ದಿನವೇ, ಕೌಂಟರಿನ ಮುದುಕಿ ಮಿಸೆಸ್ ಫಾಂಗ್‌ಳನ್ನು ಅವಳು ಕೇಳಿದ್ದಳು: “ಆಂಟಿ, ಯಾವುದರಲ್ಲಿ ಹಂದಿ ಮಾಂಸ ಇದೆ?” ಮುದುಕಿ ಇಕ್ಕಳದಿಂದ ಮೂರು ತಟ್ಟೆಗಳನ್ನು ಟಕಟಕ ಕುಟ್ಟಿ ತೋರಿಸಿದಳು. ಹಿಟ್ಟಿನ ಪುಟ್ಟ ಬಟ್ಟಲಿನಂಥ ಹಳದಿ ಟಾರ್ಟುಗಳ ತಟ್ಟೆಗೆ ಬಂದಾಗ, “ಇದು ಮೊಟ್ಟೆ, ಹಾಲು, ಸಕ್ಕರೆ,” ಎಂದಳು. ಇಬ್ಬರದೂ ಹರುಕುಮುರುಕು ಇಂಗ್ಲಿಷು, ಆದರೂ ಮಾತು ಪೂರ್ತಿ ತಿಳಿಯಿತೆಂದೇ ಇಬ್ಬರೂ ನಂಬಿದರು.

ಟಾರ್ಟು ಬೇಕಾಗಿದ್ದದ್ದು ಅತ್ತೆ ಇಮಾಂಬಿಗೆ. ಮುಂಡರಗಿಯ ಪಿಂಜಾರರ ಮನೆಯ ಹೆಣ್ಣು. ಹೊಟ್ಟೆಯ ಆಪರೇಷನ್ ಆದ ಮೇಲೆ ಗಂಜಿ ಕಂಡರೂ ಮುಖ ತಿರುಗಿಸುತ್ತಿದ್ದಳು. ತೂಕ ಮೂವತ್ತೇಳು ಕಿಲೋಗೆ ಇಳಿದಿತ್ತು. ನಲವತ್ತು ದಾಟಿದರೆ ಮಾತ್ರ ಮುಂದಿನ ಔಷಧಿ ಕೊಡಬಹುದು, ಇಲ್ಲದಿದ್ದರೆ ಈ ದೇಹ ಅದನ್ನು ತಡೆಯಲಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಮೊದಲ ಟಾರ್ಟನ್ನು ಬಾಯಿಗಿಟ್ಟುಕೊಂಡವಳೇ ಇಮಾಂಬಿ ಕಣ್ಣು ಮುಚ್ಚಿದಳು. “ಗಿಣ್ಣ! ಫಾಮಿ, ಇದು ನಮ್ಮೂರ ಗಿಣ್ಣ ನೋಡ!”

ಅಂದಿನಿಂದ ದಿನಾ ಮೂರು ಗಂಟೆಗೆ ಒಂದು ಟಾರ್ಟು. ಕಡೆಯ ಚೂರನ್ನು ಮಾತ್ರ ಆಕೆ ತಾನು ತಿನ್ನುತ್ತಿರಲಿಲ್ಲ, ತನ್ನ ಕೈಯಿಂದಲೇ ಸೊಸೆಯ ಬಾಯಿಗಿಡುತ್ತಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅತ್ತೆ ಹೀಗೆ ಉಣಿಸಿದ್ದು ಅದೇ ಮೊದಲು. ಫಹಮಿದಾಳಿಗೆ ಆ ಚೂರಿನ ಆಸೆಯೇ ಹತ್ತಿಬಿಟ್ಟಿತ್ತು. ತೂಕದ ಮುಳ್ಳು ಮೂವತ್ತೊಂಬತ್ತೂವರೆಗೆ ಬಂದು ನಿಂತಿತು.

ಆ ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗುವುದಿತ್ತು. ಅದಕ್ಕೇ ಬೆಳಿಗ್ಗೆಯೇ ಬೇಕರಿಗೆ ಹೋದಳು. ತಟ್ಟೆಗಳು ಖಾಲಿ. “ಇನ್ನೂ ಹತ್ತು ನಿಮಿಷ. ಬಾ, ಬಾ, ನೋಡು,” ಎಂದು ಮಿಸೆಸ್ ಫಾಂಗ್ ಅಭಿಮಾನದಿಂದ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಒಳಗೆ ಗಂಡ, ಬಾಗಿದ ಬೆನ್ನಿನ ಮುದುಕ, ಹಳದಿ ಹಿಟ್ಟಿನ ಹಾಳೆಯ ಮೇಲೆ ಬಿಳಿಯ ಮುದ್ದೆಯೊಂದನ್ನಿಟ್ಟು ಮಡಚಿ ಲಟ್ಟಿಸುತ್ತಿದ್ದ.

“ಈ ಬೆಣ್ಣೆ ಎಷ್ಟು ಬೆಳ್ಳಗಿದೆ!” ಎಂದಳು ಫಹಮಿದಾ.

“ಬೆಣ್ಣೆ ಅಲ್ಲ,” ಮಿಸೆಸ್ ಫಾಂಗ್ ನಕ್ಕಳು. “ಹಂದಿ ಕೊಬ್ಬು. ನಾವೇ ಕಾಯಿಸುತ್ತೇವೆ. ಮಾವನವರ ಕಾಲದಿಂದ ಹೀಗೇ. ಅದಕ್ಕೇ ಟಾರ್ಟಿನ ಪದರ ಇಷ್ಟು ಗರಿಗರಿ.”

ಫಹಮಿದಾ ಹಿಂದೆ ಸರಿದಳು. ಗೋಡೆ ಹಿಡಿದು ನಿಂತಳು. ಹಂದಿ ಮಾಂಸ ಯಾವುದರಲ್ಲಿ ಎಂದು ಕೇಳಿದ್ದಳೇ ಹೊರತು ಕೊಬ್ಬನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮೂರು ತಿಂಗಳು! ಐದು ಹೊತ್ತಿನ ನಮಾಜು ಬಿಡದ, ಹಜ್ ಮಾಡಿ ಬಂದ ಜೀವಕ್ಕೆ, ತನ್ನ ಕೈಯಾರೆ, ದಿನಾ. ಅವಳು ಅಳುತ್ತಲೇ ತಿಳಿಸಿ ಹೇಳಿದಾಗ ಮಿಸೆಸ್ ಫಾಂಗ್‌ಳ ಮುಖ ಕಪ್ಪಿಟ್ಟಿತು.

“ನೀನು ಮಾಂಸ ಕೇಳಿದೆ, ನಾನು ಮಾಂಸ ತೋರಿಸಿದೆ,” ಎಂದು ಮುದುಕಿ ಎರಡು ಸಲ ಹೇಳಿ, ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಳು. ಮುದುಕ ಕೈ ಒರೆಸಿಕೊಂಡು ಹೊರಗೆ ನಡೆದ. ಸ್ವಲ್ಪ ಹೊತ್ತಿಗೆ ಹೊಸ ಲಟ್ಟಣಿಗೆ, ಹೊಸ ಅಚ್ಚುಗಳು, ಎರಡು ಪೌಂಡು ಬೆಣ್ಣೆ ಹೊತ್ತು ಬಂದ. ಲಟ್ಟಣಿಗೆಯ ಮೇಲೆ ಅಂಗಡಿಯ ಸ್ಟಿಕ್ಕರ್ ಇನ್ನೂ ಹಾಗೆಯೇ ಇತ್ತು. “ನಿಮ್ಮ ಅತ್ತೆಗೆ ಮಾತ್ರ,” ಎಂದ.

ಪಕ್ಕದೂರು ಅಪ್ಪರ್ ಹಟ್‌ನಲ್ಲಿ ವೈರಿಂಗ್ ಕೆಲಸದಲ್ಲಿದ್ದ ಹಾರೂನ್‌ಗೆ ಅವಳು ರಸ್ತೆಯಿಂದಲೇ ಫೋನ್ ಮಾಡಿದಳು. “ಅವ್ವಗ ಹೇಳಬ್ಯಾಡ. ತಿಳದ್ರ ಆಕಿ ಊಟಾನ ಬಿಡ್ತಾಳ. ಇನ್ನ ಅರ್ಧಾ ಕಿಲೋ ಐತಿ, ಅದೊಂದು ದಾಟಲಿ,” ಎಂದ. ಫಹಮಿದಾಳಿಗೂ ಬೇಕಾಗಿದ್ದದ್ದು ಅದೇ ಮಾತು. ಹೇಡಿತನಕ್ಕೆ ಗಂಡನ ಅಪ್ಪಣೆ ಸಿಕ್ಕಿತೆಂದು ಸಮಾಧಾನಪಟ್ಟುಕೊಂಡಳು.

ಬೆಣ್ಣೆಯ ಟಾರ್ಟನ್ನು ಕಚ್ಚಿದ ಇಮಾಂಬಿ ಅಗಿಯುವುದನ್ನು ನಿಲ್ಲಿಸಿದಳು. “ಇದು ಬ್ಯಾರೆ ಐತಿ.”

“ಇಲ್ರಿ ಅತ್ತಿ, ಅದೇ ಐತ್ರಿ. ಅದೇ ಅಂಗಡಿದು.”

“ಅದೇ?”

“ಅದೇ ರಿ.”

ಇಮಾಂಬಿ ಇನ್ನೊಂದು ಚೂರು ತಿಂದು ಬಟ್ಟಲನ್ನು ಸರಿಸಿದಳು. ಶುಕ್ರವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಶನಿವಾರ ಟಾರ್ಟಿಗೆ ಬಾಯಿಯನ್ನೇ ತೆರೆಯಲಿಲ್ಲ. ಸೊಸೆಯನ್ನು ಹತ್ತಿರ ಕೂರಿಸಿಕೊಂಡು, ಸಿಟ್ಟಿಲ್ಲದೆ, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದಳು:

“ನನ್ನ ನಾಲಿಗಿ ಸತ್ತೈತಿ, ಫಾಮಿ. ನಮ್ಮಕ್ಕಗೂ ಹಿಂಗ ಆಗಿತ್ತು. ಮೊದಲ ರುಚಿ ಹೋತು, ಎಂಟ ದಿನಕ್ಕ ಆಕೀನೂ ಹೋದಳು. ಪೆಟ್ಟಿಗ್ಯಾಗ ನನ್ನ ಕಫನ್ ಐತಿ. ತಗದು ಬಿಸಲಿಗೆ ಹಾಕು, ಮುಗ್ಗಲ ವಾಸನಿ ಬಡಿದಿರಬೇಕು.”

ಸತ್ತ ಮೇಲೆ ಹೊದಿಸಲೆಂದು, ಹಜ್‌ಗೆ ಹೋದಾಗ ಪವಿತ್ರ ಝಂಝಂ ನೀರಿನಲ್ಲಿ ಅದ್ದಿ ತಂದ ಬಟ್ಟೆ ಅದು. ಹಿತ್ತಿಲಿನ ಬಟ್ಟೆ ಒಣಹಾಕುವ ತಂತಿಗೆ, ಹಾರೂನ್‌ನ ಕೆಲಸದ ಪ್ಯಾಂಟಿನ ಪಕ್ಕದಲ್ಲಿ, ಫಹಮಿದಾ ಅದನ್ನು ಹರಡಿದಳು. “ಮಮ್, ವಾಟ್ಸ್ ದಟ್ ಶೀಟ್?” ಎಂದು ಮಗಳು ನೌರೀನ್ ಕಿಟಕಿಯಿಂದ ಕೇಳಿದಳು. ಗಾಳಿಗೆ ಕ್ಲಿಪ್ಪು ಹಾರದಂತೆ ಒತ್ತುವ ನೆವದಲ್ಲಿ ಫಹಮಿದಾ ಬೆನ್ನು ತಿರುಗಿಸಿ ನಿಂತಳು.

ಅಲ್ಲಿಂದ ನೇರ ಬೇಕರಿಗೆ ನಡೆದಳು. ಯಾಕೆ ಹೊರಟೆನೆಂದು ಅವಳಿಗೆ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ. ಹಂದಿ ಕೊಬ್ಬಿನ ಹಳೆಯ ಬಗೆಯ ಟಾರ್ಟುಗಳ ತಟ್ಟೆ ಒಲೆಯಿಂದ ಆಗತಾನೆ ಬಂದು ಹಬೆಯಾಡುತ್ತಿತ್ತು. ಇಕ್ಕಳ ಎತ್ತಿಕೊಂಡಳು. ಒಂದೇ ಒಂದು. ಅತ್ತೆಗೆ ತಿಳಿಯುವುದಿಲ್ಲ, ಪಾಪವೆಲ್ಲ ತನ್ನ ತಲೆಗೆ ಬರಲಿ, ಆ ಬಟ್ಟೆ ತಂತಿಯಿಂದ ಇಳಿದರೆ ಸಾಕು. ಇಕ್ಕಳ ಟಾರ್ಟಿನ ಅಂಚನ್ನು ಹಿಡಿದೂ ಆಗಿತ್ತು.

“ಅದು ಬೇಡ,” ಎಂದಳು ಮಿಸೆಸ್ ಫಾಂಗ್. ಬೆಣ್ಣೆಯದು ಬೇರೆ ಡಬ್ಬಿಯಲ್ಲಿತ್ತು. “ಅವರು ತಿನ್ನಲಿಲ್ಲವಾ?”

“ಒಂದೇ ತುತ್ತಿಗೆ ಇದು ಬೇರೆ ಅಂದುಬಿಟ್ಟರು,” ಎಂದಳು ಫಹಮಿದಾ.

“ರುಚಿ ಬೇರೆಯಾಗುತ್ತದೆ ಎಂದು ನನ್ನ ಗಂಡ ಆವತ್ತೇ ಹೇಳಿದರು. ಆದರೆ ಬೆಣ್ಣೆಯದನ್ನು ಇಪ್ಪತ್ತು ಜನಕ್ಕೆ ಕೊಟ್ಟು ನೋಡಿದ್ದೇವೆ, ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನಿಮ್ಮ ಅತ್ತೆಗೆ ಒಂದೇ ತುತ್ತಿಗೆ ಗೊತ್ತಾಯಿತು. ಬಹಳ ಒಳ್ಳೆಯ ನಾಲಿಗೆ.”

ಫಹಮಿದಾಳ ಕೈಯಿಂದ ಇಕ್ಕಳ ಜಾರಿ ದಾರದಲ್ಲಿ ತೂಗಾಡಿತು. ಅತ್ತೆಯ ನಾಲಿಗೆಯನ್ನು ಸಾಯಿಸಿದ್ದು ಕಾಯಿಲೆಯಲ್ಲ, ತಾನು. ‘ಅದೇ ಐತ್ರಿ’ ಎಂದು ಎರಡು ದಿನ ಎದುರಿಗೆ ಕೂತು ಸಾಯಿಸಿದವಳು ತಾನು. ಬೆಣ್ಣೆಯ ಟಾರ್ಟು ಕಟ್ಟಿಸಿಕೊಂಡು ಅವಳು ಅರ್ಧ ದಾರಿ ಓಡಿದಳು.

ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಬಿಳಿಯ ಮುದ್ದೆ, ಹೊಸ ಲಟ್ಟಣಿಗೆ, ಹಾರೂನ್‌ನ ಮಾತು, ಇಕ್ಕಳ ಹಿಡಿದ ತನ್ನ ಕೈ, ಯಾವುದನ್ನೂ ಬಿಡಲಿಲ್ಲ. ಇಮಾಂಬಿ ಛಾವಣಿ ನೋಡುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ನೀರು ತರಿಸಿ, ಮೂರು ಸಲ ಬಾಯಿ ಮುಕ್ಕಳಿಸಿ, ತುಟಿಯಲ್ಲೇ ತೋಬಾ ಹೇಳಿ ದೇವರ ಕ್ಷಮೆ ಕೇಳಿದಳು.

“ಹಂಗಾರ ನನ್ನ ನಾಲಿಗಿ ಸತ್ತಿಲ್ಲ.”

“ಇಲ್ರಿ ಅತ್ತಿ.”

“ಗೊತ್ತಿಲ್ಲದ ತಿಂದದ್ದನ್ನ ಅಲ್ಲಾ ಮಾಫ್ ಮಾಡ್ತಾನ. ಆ ಅಂಗಡಿಯಾಕಿದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ.” ಇಮಾಂಬಿ ಅವಳ ಕಡೆ ತಿರುಗಿದಳು. “ಆದ್ರ ನೀ ಅದೇ ಅಂದಿ. ನಾ ಕೇಳಿದಾಗೊಮ್ಮೆ ಅದೇ ಅಂದಿ. ನಾ ಎರಡ ರಾತ್ರಿ ಸಾವಿನ ದಾರಿ ಕಾಯ್ಕೊಂತ ಮಲಗಿದ್ನಲ್ಲ, ಫಾಮಿ. ನಿನ್ನ ನಂಬಿ ಮಲಗಿದ್ನಿ.”

ಫಹಮಿದಾ ಅತ್ತೆಯ ಕಾಲು ಹಿಡಿದಳು. ಇಮಾಂಬಿ ಕಾಲನ್ನು ಎಳೆದುಕೊಳ್ಳಲಿಲ್ಲ, ತಲೆಯನ್ನೂ ಸವರಲಿಲ್ಲ. “ತಾ ಇಲ್ಲೆ,” ಎಂದು ಬಟ್ಟಲು ತರಿಸಿಕೊಂಡು ಬೆಣ್ಣೆಯ ಟಾರ್ಟನ್ನು ಮುರಿದಳು. ರುಚಿಯಿಲ್ಲದ ಔಷಧಿ ನುಂಗಿದ ಹಾಗೆ, ಹಟ ಹಿಡಿದು, ಒಂದೊಂದೇ ಚೂರು ತಿನ್ನತೊಡಗಿದಳು. ಕಡೆಯ ಚೂರು ಬೆರಳಿನಲ್ಲಿ ಉಳಿದಾಗ ಫಹಮಿದಾ ರೂಢಿಯ ಮೇಲೆ ಮುಂದೆ ಬಾಗಿ ಬಾಯಿ ತೆರೆದಳು.

ಇಮಾಂಬಿ ಚೂರನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಅದನ್ನು ತನ್ನ ಬಾಯಿಗೇ ಹಾಕಿಕೊಂಡು ಕೈ ಕೊಡವಿದಳು.

“ಕಫನ್ ಒಳಗ ತಂದು ಮಡಚಿ ಇಡು,” ಎಂದಳು. “ನಾಳೆನೂ ಒಂದು ತಾ. ಬೆಣ್ಣೀದು.”