ಹೆಣದ ತಲೆ ಹತ್ರ ಕೂತಿರೋದು ಯಾರು?

ನಮ್ಮ ಲೈನೆ ಅಂಗಡಿಗೆ ಬಾಗಿಲಿಲ್ಲ, ಗೋಡೆಯಿಲ್ಲ, ಒಂದು ಫೋನು ಅಷ್ಟೇ. ಲೈನೆ ನನ್ನ ತಮ್ಮನ ಮಗಳು. ಟೊಂಗಾದ ನೆಯಾಫು ಊರಿನ ಹೆಂಗಸರು ನಾವು ಎಂಟು ಜನ ಮರದ ತೊಗಟೆ ಬಡಿದು ಬಟ್ಟೆ ಮಾಡ್ತೀವಿ. ಅವಳು ಅದರ ಫೋಟೋ ಹಾಕಿ ಆಕ್ಲೆಂಡು, ಸಿಡ್ನಿಯಲ್ಲಿರೋ ನಮ್ಮ ಟೊಂಗಾ ಜನಕ್ಕೆ ಮಾರ್ತಾಳೆ. ಮದುವೆ ಆಗ್ಲಿ ಸಾವಾಗ್ಲಿ, ಆ ಬಟ್ಟೆ ಇಲ್ದೆ ನಮ್ಮವರದ್ದು ಏನೂ ನಡೆಯಲ್ಲ.

ಈ ಸಲದ್ದು ಐದು ತಿಂಗಳು ಬಡಿದ ಬಟ್ಟೆ. ನಮ್ಮ ಕೊಡತಿ ಸದ್ದಿಗೆ ಫಿಜಿಯಲ್ಲಿ ಕೋಳಿಗಳು ಮೊಟ್ಟೆ ಇಡೋದು ಬಿಟ್ವು ಅಂತಾರೆ. ಅಂದಿದ್ದು ನಾನೇ. ಹಾಸಿದ್ರೆ ಚರ್ಚಿನ ಬಾಗಿಲಿಂದ ಬಂದರಿನವರೆಗೂ ಬರುತ್ತೆ. "ಇದು ಒಳ್ಳೆ ಮನೆಗೇ ಹೋಗುತ್ತೆ. ಕಳೆದುಹೋದ್ರೆ ಅಂಗಡಿ ಮುಚ್ತೀನಿ" ಅಂತ ಲೈನೆ ಎಲ್ಲರಿಗೂ ಮಾತು ಕೊಟ್ಟಿದ್ಲು. ಯಾಕಂದ್ರೆ ಹೋದ ವರ್ಷ ಪಕ್ಕದ ದ್ವೀಪದವಳೊಬ್ಬಳು ದುಡ್ಡು ಹಾಕಿದ ಬ್ಯಾಂಕ್ ಚೀಟಿಯ ಬರೀ ಫೋಟೋ ನಂಬಿ ಎರಡು ಬಟ್ಟೆ ಕಳಿಸಿ ಕೈ ಸುಟ್ಕೊಂಡಿದ್ಲು. ಇವತ್ತಿಗೂ ಚರ್ಚಲ್ಲಿ ಅವಳ ಪಕ್ಕ ನಿಂತು ಯಾರೂ ಹಾಡಲ್ಲ.

ಶನಿವಾರ ಮಧ್ಯಾಹ್ನ ಲೈನೆ ಓಡ್ಕೊಂಡು ಬಂದ್ಲು.

"ಅತ್ತೆ, ಗಿರಾಕಿ ಸಿಕ್ಕಿದ್ರು. ಆಕ್ಲೆಂಡಲ್ಲಿ ಒಬ್ಬ ಹುಡುಗನ ತಂದೆ ತೀರ್ಕೊಂಡಿದ್ದಾರೆ, ಸೋಮವಾರ ಮಣ್ಣು. ದುಡ್ಡು ಹಾಕಿರೋ ಚೀಟಿ ಫೋಟೋ ಕಳಿಸಿದ್ದಾನೆ. ಮೂರು ಗಂಟೆ ವಿಮಾನಕ್ಕೆ ಹಾಕ್ಬೇಕು, ಅವನು ಹೇಳಿದ ಟ್ಯಾಕ್ಸಿ ಆಗ್ಲೇ ಬಂದು ನಿಂತಿದೆ."

"ದುಡ್ಡು ಬ್ಯಾಂಕಿಗೆ ಬಂತಾ?"

"ಶನಿವಾರ ಅಲ್ವಾ ಅತ್ತೆ, ಬ್ಯಾಂಕು ಮುಚ್ಚಿದೆ."

"ಹಾಗಾದ್ರೆ ಸೋಮವಾರ ನೋಡಿ ಕಳ್ಸು."

"ಸೋಮವಾರ ಮಣ್ಣಾಗಿರುತ್ತೆ. ಸಾವಿನ ಮನೆಯವರನ್ನ ದುಡ್ಡಿಗೋಸ್ಕರ ಕಾಯಿಸಿದ್ರು ಅಂದ್ರೆ ನಾವು ತಲೆ ಎತ್ಕೊಂಡು ಓಡಾಡೋದು ಹೇಗೆ?"

ನಮ್ಮ ಜನದ ಮೆತ್ತನೆ ಜಾಗ ಇದೇ ನೋಡಿ. ಸಾವು ಅಂದ್ರೆ ಸಾಕು, ಹಂದಿ ಕೊಡ್ತೀವಿ, ಚಾಪೆ ಕೊಡ್ತೀವಿ, ಹಲ್ಲು ಸಡಿಲ ಇದ್ರೆ ಅದನ್ನೂ ಕಿತ್ತು ಕೊಡ್ತೀವಿ. ಬಟ್ಟೆ ಕೇಳಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಎದ್ದು ಹೋಗಿ ಬಟ್ಟೆ ಗಂಟಿನ ಮೇಲೆ ಕೂತೆ. ನಾನು ಕೂತ್ರೆ ಭೂಮಿ ಒಂದು ಬೆರಳು ತಗ್ಗುತ್ತೆ. ಮೇಲಾಗಿ ಸೋದರತ್ತೆ. ನಮ್ಮಲ್ಲಿ ಸೋದರತ್ತೆಯನ್ನ ಕೂತ ಜಾಗದಿಂದ ಏಳಿಸೋ ಧೈರ್ಯ ಪಾದ್ರಿಗೂ ಇಲ್ಲ.

"ಬರಿ ಅವನಿಗೆ," ಅಂದೆ. "ಹೆಣದ ತಲೆ ಹತ್ರ ಕೂತಿರೋದು ಯಾರು ಅಂತ ಕೇಳು."

ಲೈನೆ ಬರೆದ್ಲು. ಉತ್ತರ ಬಂತು: ನಮ್ಮ ಅಮ್ಮ.

ನಗು ತಡೆಯಕ್ಕಾಗ್ಲಿಲ್ಲ ನಂಗೆ. ಸತ್ತವನ ತಲೆ ಹತ್ರ ಕೂರೋದು ಅವನ ಅಕ್ಕನೋ ತಂಗಿಯೋ, ಅವರಿಲ್ದಿದ್ರೆ ಅವರ ಮಕ್ಕಳು. ಹೆಂಡತಿಗೆಲ್ಲಿ ಬಂತು ಆ ಜಾಗ? ನಮ್ಮ ಯಜಮಾನ್ರು ಹೋದಾಗ ನಾನು ಮೂಲೇಲಿ ಕೂತು ಅಳ್ತಿದ್ದೆ. ನಾದಿನಿ ತಲೆ ಹತ್ರ ಕೂತು, ಬಂದ ಒಳ್ಳೊಳ್ಳೆ ಚಾಪೆ ಎಲ್ಲಾ ಬಾಚ್ಕೊಂಡು ಹೋದ್ಲು. ಇಪ್ಪತ್ತು ವರ್ಷ ಆಯ್ತು, ಆ ಹೊಟ್ಟೆಉರಿ ಇನ್ನೂ ಆರಿಲ್ಲ.

"ಅಲ್ಲೇ ಹುಟ್ಟಿ ಬೆಳೆದವನಿರ್ಬೇಕು ಅತ್ತೆ, ಪದ್ಧತಿ ಗೊತ್ತಿರಲ್ಲ."

"ಅವನಿಗೆ ಗೊತ್ತಿಲ್ದಿದ್ರೆ ಅವನ ಅತ್ತೆಗೆ ಗೊತ್ತಿರುತ್ತೆ. ಅವಳು ನಂಗೆ ಫೋನ್ ಮಾಡ್ಲಿ. ಎರಡು ಮಾತಾಡಿದ್ರೆ ಸಾಕು, ಈ ಗಂಟು ನಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ವಿಮಾನಕ್ಕೆ ಹಾಕ್ತೀನಿ."

ಅತ್ತೆ ಸತ್ತುಹೋಗಿದ್ದಾರೆ ಅಂತ ಬರೆದ.

"ಅವಳ ಮಗಳು ಮಾಡ್ಲಿ. ಮಗಳಿಲ್ವಾ, ದೊಡ್ಡಪ್ಪನ ಕಡೆ ಅತ್ತೆ ಮಾಡ್ಲಿ. ಟೊಂಗಾದಲ್ಲಿ ತಿಮಿಂಗಿಲ ಖಾಲಿ ಆಗ್ಬಹುದು, ಅತ್ತೆಯರು ಖಾಲಿ ಆಗಲ್ಲ ಅಂತ ಬರಿ."

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೀತಾನೇ ಇದ್ದ. ಫೋನಲ್ಲಿದ್ದವನಿಗೆ ಸಿಟ್ಟು ಬಂತು. ಹೆಣಕ್ಕೆ ಬಟ್ಟೆ ಕೊಡದ ಜನ ಅಂತ ನಿಮ್ಮ ಅಂಗಡಿ ಪುಟದಲ್ಲೆಲ್ಲ ಬರೀತೀನಿ ಅಂದ.

"ಅತ್ತೆ, ಒಂದು ವೇಳೆ ನಿಜ ಆಗಿದ್ರೆ?"

"ನಿಜ ಆಗಿದ್ರೆ ಆ ಪಾಪ ನಂಗಿರ್ಲಿ. ನಾನು ಅದನ್ನ ಹೊತ್ಕೊಳ್ಳೋದು ಇನ್ನೆಷ್ಟು ದಿನ? ಬಟ್ಟೆ ಹೋದ್ರೆ ಈ ಹೆಂಗಸರ ಮುಖ ನೀನು ಐವತ್ತು ವರ್ಷ ನೋಡ್ಬೇಕು. ಹೋಗು, ಕೆಸುವಿನೆಲೆ ಊಟ ಇಲ್ಲಿಗೇ ತಂದ್ಕೊಡು. ನಾನಂತೂ ಏಳಲ್ಲ."

ಗಂಟಿನ ಮೇಲೇ ಕೂತು ಉಂಡೆ. ಮೂರು ಗಂಟೆಗೆ ವಿಮಾನ ತೆಂಗಿನ ಮರದ ಮೇಲಿಂದ ಹೋಯ್ತು. ಟ್ಯಾಕ್ಸಿಯವನು ಬೈಕೊಂಡು ಹೋದ. ಅವನಿಗೂ ಬಾಡಿಗೆ ಬಂದಿರ್ಲಿಲ್ವಂತೆ ಪಾಪ.

ಸೋಮವಾರ ಲೈನೆ ಬ್ಯಾಂಕಿನ ಬಾಗಿಲು ತೆಗೆಯೋ ಮುಂಚೆ ಹೋಗಿ ನಿಂತಿದ್ಲು. ಒಂದು ಕಾಸೂ ಬಂದಿರ್ಲಿಲ್ಲ. ತೀರಿಕೊಂಡ ತಂದೆ, ಅಳ್ತಿದ್ದ ಮಗ, ಎಲ್ಲಾ ಫೋನಿಂದ ಮಾಯ. ಅವಳೇ ಬಂದು ಎಂಟೂ ಜನದ ಮುಂದೆ ನಡೆದಿದ್ದು ಹೇಳಿದ್ಲು. ಯಾರೂ ಬೈಲಿಲ್ಲ. ನನ್ನ ತೂಕದ ಬಗ್ಗೆ ಮಾತ್ರ ಎರಡು ವಾರ ಹಾಡು ಕಟ್ಟಿ ಹಾಡಿದ್ರು.

ಆ ಗುರುವಾರ ಆಕ್ಲೆಂಡಿನ ಇನ್ನೊಂದು ಸಾವಿನ ಮನೆಯಿಂದ ಫೋನು ಬಂತು. ಹೆಂಗಸಿನ ದನಿ, ಚಂಡಮಾರುತಕ್ಕೂ ಅಷ್ಟು ಜೋರಿಲ್ಲ. ಫೋಟೋ ನೋಡಿ ಅಂಚು ಸೊಟ್ಟ ಅಂದ್ಲು, ಬಣ್ಣ ಮಂಕು ಅಂದ್ಲು, ನೆಯಾಫು ಹೆಂಗಸರಿಗೆ ಕೈಗಿಂತ ಬಾಯೇ ಉದ್ದ ಅಂದ್ಲು.

ಲೈನೆ ಫೋನಿಗೆ ಕೈ ಅಡ್ಡ ಇಟ್ಟು, "ಬರೀ ಬೈತಿದ್ದಾರೆ ಅತ್ತೆ," ಅಂದ್ಲು.

"ಸತ್ತವನಿಗೆ ಏನಾಗ್ಬೇಕಂತೆ?"

"ಅಕ್ಕ ಅಂತೆ."

"ಹಾಗನ್ನು ಮತ್ತೆ. ಇವಳು ನಿಜವಾದ ಗಿರಾಕಿ, ಗಂಟು ಕಟ್ಟು. ಕಟ್ಟಿ ಬ್ಯಾಂಕಿಗೆ ಹೋಗಿ ದುಡ್ಡು ಬಂತಾ ನೋಡ್ಕೊಂಡು ಬಾ. ಅಲ್ಲೀವರೆಗೂ ನಾನು ಮೇಲೆ ಕೂತಿರ್ತೀನಿ."